ಕಾರು ಅಗ್ಗ, ಕ್ಲಚ್ಚು ದುಬಾರಿ

ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಹಳೆಯ ಯುರೋಪಿಯನ್ ಕಾರಿನ ಬೆಲೆಯಷ್ಟು ಆಸೆ ಹುಟ್ಟಿಸುವುದು ಬೇರೊಂದಿಲ್ಲ. ಹೊಸದಿದ್ದಾಗ 40 ಲಕ್ಷ ಬಾಳುತ್ತಿದ್ದ ಜರ್ಮನ್ ಸೆಡಾನ್ ಹತ್ತು–ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಹೊಸ ಸಣ್ಣ ಕಾರಿನ ದರಕ್ಕೆ ಸಿಗುತ್ತದೆ. ಇಳಿದದ್ದು ಕಾರಿನ ಬೆಲೆ ಮಾತ್ರ. ಅದರ ಕ್ಲಚ್ಚು, ಹೆಡ್‌ಲೈಟು, ಎಸಿ ಕಂಪ್ರೆಸರ್ ಇವತ್ತಿಗೂ 40 ಲಕ್ಷದ ಕಾರಿನವೇ. ಕೊಂಡ ಮೊದಲ ವರ್ಷದಲ್ಲೇ ಕೈಸುಟ್ಟುಕೊಂಡು ಮಾರುವವರೆಲ್ಲ ಮರೆತದ್ದು ಇಷ್ಟನ್ನೇ.

ಈ ಅಂಕಣಕಾರನ ಮನೆಯಲ್ಲಿರುವುದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ. 2000ದ ದಶಕದ ಆರಂಭದಲ್ಲಿ ಔರಂಗಾಬಾದಿನಿಂದ ಬರತೊಡಗಿದ, 1.9 ಲೀಟರ್ ಟಿಡಿಐ ಡೀಸೆಲ್ ಎಂಜಿನ್ನಿನ ಗಾಡಿ. ಶಕ್ತಿ ಬರೀ 90 ಬಿಎಚ್‌ಪಿ. ಕಾಗದದ ಮೇಲೆ ಇಂದಿನ ಸಣ್ಣಪುಟ್ಟ ಎಸ್‌ಯುವಿಗಳೂ ಅದನ್ನು ಹಿಂದೆ ಹಾಕುತ್ತವೆ. ಆದರೆ ಅದರ 210 ನ್ಯೂಟನ್ ಮೀಟರ್ ಟಾರ್ಕ್ 1,900 ಆರ್‌ಪಿಎಂಗೇ ಪೂರ್ತಿ ಕೈಗೆ ಬರುತ್ತದೆ. ಶಿರಾಡಿ ಘಾಟಿಯಲ್ಲಿ ಗ್ಯಾಸ್ ಟ್ಯಾಂಕರಿನ ಹಿಂದೆ ತೆವಳುತ್ತಿದ್ದು, ದಾರಿ ಸಿಕ್ಕಿದೊಡನೆ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಗಾಡಿ ಗೊಣಗದೆ ಎಳೆದುಕೊಂಡು ಹೋಗುತ್ತದೆ. ಸ್ಟೇರಿಂಗ್ ಹೈಡ್ರಾಲಿಕ್. ಪಾರ್ಕ್ ಮಾಡುವಾಗ ತುಸು ಭಾರ, ನಿಜ. ತಿರುವಿನಲ್ಲಿ ಮಾತ್ರ ಚಕ್ರ ಯಾವ ಕಲ್ಲಿನ ಮೇಲೆ ಹತ್ತಿತು ಎಂಬುದು ಅಂಗೈಗೆ ಗೊತ್ತಾಗುತ್ತದೆ. ನಮ್ಮ ಬಡಾವಣೆಗಳ ಅವೈಜ್ಞಾನಿಕ ಉಬ್ಬುಗಳಲ್ಲಿ ಹೊಟ್ಟೆ ಕೆರೆಯುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಸಂಪ್ ಗಾರ್ಡ್ ಇಲ್ಲದೆ ಇದನ್ನು ಊರೊಳಗೆ ತರಬಾರದು.

ಇನ್ನು ಲೆಕ್ಕ. 15 ಲಕ್ಷದ ಹೊಸ ಕಾರು ಕೊಂಡರೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯೇ ಶೇ 17, ಅಂದರೆ 2.55 ಲಕ್ಷ, ಸೆಸ್ಸು ಬೇರೆ. ವಿಮೆಯ ಸವಕಳಿ ಕೋಷ್ಟಕದ ಪ್ರಕಾರ ಮೊದಲ ವರ್ಷ ತುಂಬುವ ಮೊದಲೇ ಕಾರಿನ ಘೋಷಿತ ಮೌಲ್ಯ ಶೇ 15ರಷ್ಟು ಕರಗುತ್ತದೆ. ಐದು ವರ್ಷಕ್ಕೆ ಉಳಿಯುವುದು ಅರ್ಧ. ಹಾಗೆಂದರೆ ಏಳೂವರೆ ಲಕ್ಷ ನಷ್ಟ, ವರ್ಷಕ್ಕೆ ಒಂದೂವರೆ ಲಕ್ಷ. ಗಾಡಿ ಗ್ಯಾರೇಜಿನಲ್ಲಿ ನಿಂತೇ ಇದ್ದರೂ ಈ ದುಡ್ಡು ಹೋಗುತ್ತದೆ, ಬಿಲ್ಲು ಬರುವುದಿಲ್ಲವಾದ್ದರಿಂದ ಯಾರಿಗೂ ನೋವಾಗುವುದಿಲ್ಲ. ಹಳೆಯ ಕಾರಿನ ಸವಕಳಿಯನ್ನು ಹಿಂದಿನ ಮಾಲೀಕರು ಆಗಲೇ ಕಟ್ಟಿ ಮುಗಿಸಿರುತ್ತಾರೆ. ಹಾಗಾಗಿ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ ರಿಪೇರಿ ಮುಗಿದರೆ ಹಳೆಯದೇ ಲಾಭ. ಈ ಅಂಕಣಕಾರ ತಿಂಗಳಿಗೆ 8,000 ರೂಪಾಯಿಯ ಆರ್‌ಡಿಯೊಂದನ್ನು ಕಾರಿಗೆಂದೇ ಇಟ್ಟಿದ್ದಾನೆ. ಖರ್ಚಿಲ್ಲದ ವರ್ಷ ಅದನ್ನು ಮುಟ್ಟುವುದಿಲ್ಲ. ಕ್ಲಚ್ಚು, ಟರ್ಬೊ, ಸಸ್ಪೆನ್ಷನ್ ಒಟ್ಟಿಗೆ ಕೈಕೊಡುವ ವರ್ಷ ಬಂದೇ ಬರುತ್ತದೆ.

ಆದರೆ ಈ ಲೆಕ್ಕ ನಿಲ್ಲುವುದು ಮೆಕ್ಯಾನಿಕ್ ಮೇಲೆ. ಈ ವಿಷಯದಲ್ಲಿ ಬೆಂಗಳೂರಿಗರು ಅದೃಷ್ಟವಂತರು. 1951ರಲ್ಲಿ ಶುರುವಾದ ಮೈಕೋ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಜಲ್‌ಗಳನ್ನು ಮಾಡುತ್ತ ಬಂತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಪಂಪನ್ನು ಬಿಚ್ಚಿ ಕಟ್ಟಬಲ್ಲ ಕೈಗಳು ಈ ಊರಿನಲ್ಲಿ ಇನ್ನೂ ಸಿಗುತ್ತವೆ. ಅಂಥ ಒಬ್ಬರು ಈ ಆಕ್ಟೇವಿಯಾದ ಟೈಮಿಂಗ್ ಬೆಲ್ಟ್ ಬದಲಿಸಿದ ದಿನ ಹಳೆಯದನ್ನು ಗೋಣಿತಟ್ಟಿನ ಮೇಲಿಟ್ಟು, ಮಡಿಸಿ, ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ತೋರಿಸಿದರು. ಟೆನ್ಷನರ್ ಅನ್ನು ಬೆರಳಲ್ಲಿ ತಿರುಗಿಸಿದರೆ ಒಳಗಿನ ಬೇರಿಂಗ್ ಗರಗರ ಎನ್ನುತ್ತಿತ್ತು. “ಇದು ತುಂಡಾಗಿದ್ರೆ ಪಿಸ್ಟನ್ನು ವಾಲ್ವಿಗೆ ಹೊಡೆದು ಎಂಜಿನ್ ಹೋಗ್ತಿತ್ತು ಸಾರ್. ಗಾಡಿ ತಗೊಂಡ ರೇಟಿಗಿಂತ ಜಾಸ್ತಿ ಬಿಲ್ ಆಗ್ತಿತ್ತು” ಎಂದರು. ಉತ್ಪ್ರೇಕ್ಷೆಯೇನಲ್ಲ.

ಬಿಡಿಭಾಗದ ವ್ಯಾಪಾರದಲ್ಲೂ ಒಂದು ಒಳದಾರಿಯಿದೆ. ಕಾರು ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಕ್ಲಚ್ಚು ಲುಕ್ ಅಥವಾ ಸ್ಯಾಕ್ಸ್‌ನದು, ಫಿಲ್ಟರ್ ಮಾಹ್ಲೆಯದು, ಇಂಜೆಕ್ಷನ್ ಬಾಷ್‌ನದು ಆಗಿರುತ್ತದೆ. ಕಾರು ಕಂಪನಿಯ ಡಬ್ಬಿ ಬಿಟ್ಟು ತಯಾರಕರ ಡಬ್ಬಿಯಲ್ಲೇ ಕೊಂಡರೆ ಗಣನೀಯ ಉಳಿತಾಯ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರಿನ ಹೆಸರು ಹೇಳುವುದಕ್ಕಿಂತ ಪಾರ್ಟ್ ನಂಬರ್ ಹೇಳುವುದು ಒಳ್ಳೆಯದು. ಹೆಸರು ಹೇಳಿದರೆ ದರ ಏರುತ್ತದೆ.

ಎಲ್ಲ ಹಳೆಯ ಕಾರೂ ಒಂದೇ ಅಲ್ಲ. 1995ರಿಂದ ಪುಣೆಯಲ್ಲಿ ಟೆಲ್ಕೊ ಜತೆ ತಯಾರಾದ ಡಬ್ಲ್ಯು124 ಮರ್ಸಿಡಿಸ್ ಗಟ್ಟಿತನಕ್ಕೆ ಹೆಸರುವಾಸಿ. ಅಂಥದ್ದಕ್ಕೂ ಒಂದು ಕಾಯಿಲೆಯುಂಟು: 90ರ ದಶಕದ ಮೊದಲರ್ಧದ ಹಲವು ಮರ್ಸಿಡಿಸ್‌ಗಳಲ್ಲಿ ಎಂಜಿನ್ ವೈರಿಂಗಿನ ಹೊದಿಕೆ ಬಿಸಿಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಆಟೊಮ್ಯಾಟಿಕ್ ಬೇಕೆನ್ನುವವರು ನೆನಪಿಡಬೇಕಾದ್ದು: 2013ರಲ್ಲಿ ಡಿಎಸ್‌ಜಿ ಗೇರ್‌ಬಾಕ್ಸಿನ ದೋಷಕ್ಕಾಗಿ ಚೀನಾದಲ್ಲಿ ಫೋಕ್ಸ್‌ವ್ಯಾಗನ್ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ಹಳೆಯ ಕಾರು ಬೇಕೆಂದರೆ ಮ್ಯಾನ್ಯುಯಲ್ ಗೇರೇ ಇರಲಿ ಎಂಬುದು ಈ ಅಂಕಣಕಾರನ ಹಟ.

ಸರ್ಕಾರಿ ಖರ್ಚೂ ಇದೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ ಹಿಂದೆ 600 ರೂಪಾಯಿ ಸಾಕಿತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಗಿದೆ. ಐದೈದು ವರ್ಷಕ್ಕೊಮ್ಮೆ ಕಟ್ಟುವ ಹಣವಾದ್ದರಿಂದ ಇದು ಹೊರೆಯೇನಲ್ಲ. 1,500 ಸಿಸಿ ಮೀರಿದ ಕಾರಿನ ಥರ್ಡ್ ಪಾರ್ಟಿ ವಿಮೆ 2022ರ ದರದಂತೆ 7,897 ರೂಪಾಯಿ. ಚುಚ್ಚುವುದು ಕ್ಲೇಮ್ ಮಾಡುವಾಗ: ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಸವಕಳಿ ಕಡಿತ, ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಅರ್ಧ. ಝೀರೊ ಡೆಪ್ ಈ ವಯಸ್ಸಿನ ಗಾಡಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ದೆಹಲಿಯ ಕಾರುಗಳ ಆಸೆಯೂ ಬಹಳ ಜನಕ್ಕಿದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿನ ಆಡಿ, ಬಿಎಂಡಬ್ಲ್ಯುಗಳು ಮಣ್ಣಿನ ಬೆಲೆಗೆ ದಕ್ಷಿಣಕ್ಕೆ ಹರಿದುಬಂದವು. ಎನ್‌ಒಸಿ ತರಿಸಿ, ಇಲ್ಲಿನ ಜೀವಾವಧಿ ತೆರಿಗೆ ಕಟ್ಟಿ, ನಂಬರ್ ಬದಲಿಸುವಷ್ಟರಲ್ಲಿ ಆ ಅಗ್ಗ ಎಷ್ಟು ಉಳಿಯುತ್ತದೆ ಎಂದು ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸುವುದು ಒಳಿತು.

ಮನೆಗೆ ಇರುವುದು ಒಂದೇ ಕಾರು ಎಂದಾದರೆ ಹಳೆಯ ಯುರೋಪಿಯನ್ ಬೇಡ. ಒಂದು ಸೆನ್ಸರ್ ಬರಲು ವಾರ ಕಾಯುವಾಗ ಮಕ್ಕಳ ಶಾಲೆ ಕಾಯುವುದಿಲ್ಲ. ಸಾಲ ಮಾಡಿ ಕೊಳ್ಳುವವರಿಗಂತೂ ಬೇಡವೇ ಬೇಡ, ಕಂತಿನ ಜತೆ ರಿಪೇರಿಯೂ ಸೇರಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎರಡನೇ ಕಾರಾಗಿ, ಕೈಯಲ್ಲಿರುವ ದುಡ್ಡಿಗೆ, ಗೊತ್ತಿರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ನೋಡುವುದಾದರೆ ಧಾರಾಳವಾಗಿ ಕೊಳ್ಳಬಹುದು. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಕೇಳಿ. ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಹಿಡಿದು, ಆ ಖರ್ಚನ್ನು ಕಳೆದು ಬೆಲೆ ಮಾತಾಡಿ.