ಹಳೆಯ ಸ್ಟೀರಿಯೊಗೆ ರೊಕ್ಕ ಎಲ್ಲಿ ಹಾಕಬೇಕು?

ಕಬ್ಬಿನ ಬಿಲ್ಲು ಚಲೋ ಬಂದ ವರ್ಷ ಮನೆಗೊಂದು ದೊಡ್ಡ ಸಾಮಾನು ತರುವುದು ನಮ್ಮ ಕುಡಚಿ ಭಾಗದ ರೂಢಿ. ನಮ್ಮ ತಂದೆಯವರು 1996ರಲ್ಲಿ ಹಾಗೆಯೇ ಕೊಲ್ಲಾಪುರದಿಂದ ಸ್ಟೀರಿಯೊ ತಂದರು: ಒಂದು ಆಂಪ್ಲಿಫಯರ್, ಒಂದು ಕ್ಯಾಸೆಟ್ ಡೆಕ್, ಕಟ್ಟಿಗೆಯ ಎರಡು ಸ್ಪೀಕರ್ ಬಾಕ್ಸ್. ಮಲ್ಲಿಕಾರ್ಜುನ ಮನಸೂರರ ವಚನ, ಭೀಮಸೇನ ಜೋಶಿಯವರ ದಾಸರ ಪದ ಅದರಲ್ಲೇ ಕೇಳಿ ಬೆಳೆದವರು ನಾವು. ಈಚೆಗೆ ಬಲಗಡೆಯ ಬಾಕ್ಸು ಕರಕರ ಅನ್ನತೊಡಗಿತು, ವಾಲ್ಯೂಮ್ ಗುಂಡಿ ತಿರುವಿದರೆ ಚರಚರ ಸದ್ದು. “ಅಪ್ಪಾ, ಇದನ್ನ ಗುಜರಿಗೆ ಹಾಕೂಣು. ಆಫರ್ ಹತ್ತೈತಿ, ಹೊಸಾದು ತರೂಣು” ಎಂದ ಮಗ. ಅವನು ತೋರಿಸಿದ ಸೆಟ್ಟಿನ ಬೆಲೆ 24,000 ರೂಪಾಯಿ. ನಾನು ಹಾಕಿಕೊಂಡ ಮಿತಿ 15,000. ಕೊನೆಗೆ ಖರ್ಚಾದದ್ದು ಅದರಲ್ಲೂ ಅರ್ಧ.

ಇದು ಸಾಧ್ಯವಾದದ್ದು ಖರ್ಚಿನ ಕ್ರಮದಿಂದ. ಹಳೆಯ ಸ್ಟೀರಿಯೊ ಕೆಟ್ಟಿತೆಂದರೆ ಎಲ್ಲ ಭಾಗವೂ ಕೆಟ್ಟಿರುವುದಿಲ್ಲ. ಯಾವುದು ಸವೆದಿದೆ ಎಂದು ಮೊದಲು ತಿಳಿಯಬೇಕು, ರೊಕ್ಕ ಅಲ್ಲಿಗೇ ಹೋಗಬೇಕು. ಪೇಟೆಯ ರಿಪೇರಿಯವರು ಬಾಕ್ಸ್ ಬಿಚ್ಚಿ ನೋಡಿ ಹೇಳಿದರು: “ಸರ, ಮಷೀನ್ ಗಟ್ಟಿ ಐತ್ರಿ. ಸ್ಪೀಕರಿನ ಫೋಮ್ ಹೋಗೈತಿ, ಅಷ್ಟ.”

ಆಂಪ್ಲಿಫಯರಿನಲ್ಲಿ ತೂಕವೂ ಬೆಲೆಯೂ ಹೆಚ್ಚಿರುವ ಭಾಗ ಟ್ರಾನ್ಸ್‌ಫಾರ್ಮರ್. ಅದು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಚಿಲ್ಲರೆ ಬೆಲೆಯ ಕಂಡೆನ್ಸರುಗಳು. ಅವುಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗಿ, ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ವಾಲ್ಯೂಮಿನ ಚರಚರಕ್ಕೆ ಕಾರಣ ಅದರೊಳಗಿನ ಧೂಳು, ಕಿಲುಬು. ಕ್ಲೀನರ್ ಸ್ಪ್ರೇ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ. ಸ್ಪೀಕರಿನಲ್ಲಿ ಕೋನಿನ ಸುತ್ತಲಿನ ಫೋಮ್ ಪಟ್ಟಿ ಹದಿನೈದಿಪ್ಪತ್ತು ವರ್ಷಕ್ಕೆ ಪುಡಿಯಾಗುತ್ತದೆ, ಕೃಷ್ಣೆಯ ದಂಡೆಯ ನಮ್ಮಂಥ ತೇವದ ಊರಲ್ಲಿ ಇನ್ನೂ ಬೇಗ. ಕೋನು, ಕಾಯಿಲ್, ಮ್ಯಾಗ್ನೆಟ್ ಚೆನ್ನಾಗಿದ್ದರೆ ಪಟ್ಟಿಯನ್ನಷ್ಟೇ ಬದಲಿಸಿದರೆ ಸ್ಪೀಕರ್ ಮತ್ತೆ ಹಾಡುತ್ತದೆ.

ನನ್ನ ಲೆಕ್ಕ ಹೀಗಿದೆ. ಆಂಪ್ಲಿಫಯರಿನ ಕಂಡೆನ್ಸರು ಮತ್ತು ಮಜೂರಿ 1,400 ರೂಪಾಯಿ. ಎರಡೂ ಸ್ಪೀಕರಿನ ಫೋಮ್ 1,600. ತೆಳು ವೈರ್ ತೆಗೆದು ಹಾಕಿದ ದಪ್ಪ ತಾಮ್ರದ ವೈರಿಗೆ 500. ಮೊಬೈಲಿನ ಹಾಡು ಆಂಪ್ಲಿಫಯರಿಗೆ ತಲುಪಿಸುವ ಬ್ಲೂಟೂತ್ ರಿಸೀವರಿಗೆ 1,800. ಪಂಪ್‌ಸೆಟ್‌ಗಳು ಚಾಲೂ ಆದಾಗ ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತದೆ, ಹೋದ ಕರೆಂಟು ಮರಳುವಾಗ ಜಿಗಿಯುತ್ತದೆ. ಅದಕ್ಕೊಂದು ಸ್ಟೆಬಿಲೈಜರ್, 2,200. ಒಟ್ಟು 7,500. ಕ್ಯಾಸೆಟ್ಟಿನ ಜತೆಗೆ ಈಗ ಮೊಬೈಲ್ ಆ್ಯಪಿನಿಂದ ಧಾರವಾಡ ಆಕಾಶವಾಣಿಯೂ ಅದೇ ಬಾಕ್ಸಿನಲ್ಲಿ ಸ್ವಚ್ಛವಾಗಿ ಬರುತ್ತದೆ.

ಕೋನು ಹರಿದಿದ್ದರೆ, ಕಾಯಿಲ್ ಸುಟ್ಟಿದ್ದರೆ ಲೆಕ್ಕ ಬೇರೆ. ಆಗಲೂ ಆಂಪ್ಲಿಫಯರನ್ನು ಉಳಿಸಿಕೊಂಡು ಉಳಿದ ರೊಕ್ಕವನ್ನೆಲ್ಲ ಸ್ಪೀಕರಿಗೇ ಹಾಕಬೇಕು. ನಾವು ಕೇಳುವ ದನಿಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವ ಭಾಗ ಅದೇ. ಕೊಳ್ಳುವಾಗ ಆಂಪ್ಲಿಫಯರಿನ ಹಿಂದೆ ಬರೆದ ಓಮ್ ನೋಡಿಕೊಳ್ಳಿ. 8 ಓಮ್ ಎಂದು ಬರೆದ ಯಂತ್ರಕ್ಕೆ 4 ಓಮಿನ ಸ್ಪೀಕರ್ ಹಚ್ಚಿದರೆ ಅದು ಕಾದು ಸುಡಬಹುದು.

ಅಂಗಡಿಯಲ್ಲಿ ನಿಮ್ಮನ್ನು ಹೆಚ್ಚು ಖರ್ಚಿಗೆ ಎಳೆಯುವುದು ವ್ಯಾಟಿನ ಅಂಕಿ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಪಿಎಂಪಿಒ ಎಂದು ಬರೆದಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆರ್‌ಎಂಎಸ್ ಎಷ್ಟು ಎಂದು ಕೇಳಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಮನೆಯ ಕೋಣೆಯಲ್ಲಿ ಸಾವಕಾಶ ಹಾಡು ಕೇಳಲು ಒಂದೆರಡು ವ್ಯಾಟ್ ಸಾಕಾಗುತ್ತದೆ. ಹಳೆಯ 25 ವ್ಯಾಟಿನ ಯಂತ್ರ ಕೊಟ್ಟು 50 ವ್ಯಾಟಿನದು ತರುವವರು ರೊಕ್ಕ ಕೊಟ್ಟು ಪಡೆಯುವುದು ಬಹಳ ಕಡಿಮೆ.

ಕೋಣೆಯನ್ನು ಸರಿಪಡಿಸಲು ರೊಕ್ಕವೇ ಬೇಡ. ನಮ್ಮ ಮನೆಗಳ ಫರ್ಸಿ ನೆಲ, ಗಿಲಾವಿನ ಗೋಡೆ ದನಿಯನ್ನು ತಿರುಗಿ ಒಗೆಯುತ್ತವೆ. ನೆಲಕ್ಕೊಂದು ಜಮಖಾನ ಹಾಸಿದೆ, ಕಿಟಕಿಗೆ ದಪ್ಪ ಪರದೆ ಕಟ್ಟಿದೆ. ಬಾಕ್ಸುಗಳನ್ನು ಮೂಲೆಯಿಂದ ಹೊರಗೆ ತಂದು, ಕೂತವರ ಕಿವಿಯ ಎತ್ತರಕ್ಕೆ ಇಟ್ಟೆ. 2019ರ ಆಗಸ್ಟಿನ ಮಹಾಪೂರ ಕಂಡವರಿಗೆ ಯಂತ್ರವನ್ನು ನೆಲದ ಮೇಲೆ ಇಡಬೇಡಿ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ರೊಕ್ಕ ಕೊಡುವ ರೀತಿ. ಮಗ ತೋರಿಸಿದ ಸೆಟ್ಟಿಗೆ ‘ಬಡ್ಡಿ ಇಲ್ಲದ ಕಂತು’ ಎಂದು ಬರೆದಿತ್ತು: ತಿಂಗಳಿಗೆ 2,000, ಹನ್ನೆರಡು ಕಂತು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿಯೇ ಹೇಳಿದೆ. ಕ್ರೆಡಿಟ್ ಕಾರ್ಡಿನಲ್ಲಿ ಶೇ. 15ರ ಬಡ್ಡಿ ಹಿಡಿದರೆ ಈ 24,000ದಲ್ಲಿ ಸುಮಾರು 1,840 ರೂಪಾಯಿ ಬಡ್ಡಿಯೇ ಇರುತ್ತದೆ. ಮಾರುವವರು ಅಷ್ಟನ್ನು ರಿಯಾಯಿತಿ ಎಂದು ಬಿಡುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ. 18ರ ಜಿಎಸ್‌ಟಿ, ಅಂದರೆ ಸುಮಾರು 330 ರೂಪಾಯಿ, ನಮ್ಮ ತಲೆಗೇ ಬರುತ್ತದೆ. ಪ್ರೊಸೆಸಿಂಗ್ ಶುಲ್ಕ ಬೇರೆ. ನಗದು ಕೊಟ್ಟರೆ ಅಂಗಡಿಯವರು ಬಿಡಬಹುದಾದ ರೊಕ್ಕವೂ ಕೈತಪ್ಪುತ್ತದೆ.

ಕಬ್ಬು ಬೆಳೆಯುವವರಿಗೆ ಇದರಲ್ಲಿ ಇನ್ನೊಂದು ಅಪಾಯವಿದೆ. ದಸರಾ, ದೀಪಾವಳಿಯ ಆಫರುಗಳು ಬರುವ ಹೊತ್ತಿಗೆ ಕಾರ್ಖಾನೆಯ ಹಂಗಾಮು ಆಗಷ್ಟೇ ಶುರುವಾಗುತ್ತಿರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಿಸಬೇಕು. ಆದರೂ ಬಿಲ್ಲಿಗೆ ಕಾದು ಕುಳಿತ ಅನುಭವ ನಮ್ಮ ಭಾಗದ ರೈತರಿಗೆಲ್ಲ ಇದೆ. ಕೈಗೆ ಬಾರದ ಬಿಲ್ಲನ್ನು ನಂಬಿ ಕಂತು ಕಟ್ಟಲು ಒಪ್ಪುವುದೆಂದರೆ ಗದ್ದೆಯಲ್ಲಿರುವ ಕಬ್ಬನ್ನು ಇಂದೇ ಅಡವಿಟ್ಟ ಹಾಗೆ. ವರ್ಷಕ್ಕೊಮ್ಮೆ ರೊಕ್ಕ ಕಾಣುವ ಮನೆಗೆ ತಿಂಗಳ ಕಂತು ಹೊಂದುವುದಿಲ್ಲ. ನಾನು ಮೊದಲ ಬಿಲ್ಲು ಜಮೆ ಆಗುವವರೆಗೆ ತಡೆದೆ. ಬೀಜ, ಗೊಬ್ಬರ, ಮಕ್ಕಳ ಫೀ ತೆಗೆದಿಟ್ಟ ಮೇಲೆ ಸ್ಟೀರಿಯೊದ ಪಾಲು ತೆಗೆದೆ.

ಖರ್ಚು ಸಾರ್ಥಕವಾಯಿತೇ ಎಂದು ನೋಡಲು ನಮಗೆ ಹತ್ತಿರದಲ್ಲೇ ಒಂದು ಅಳತೆಗೋಲಿದೆ. ರೈಲಿನಲ್ಲಿ ಉಗಾರ, ಶೇಡಬಾಳ ದಾಟಿದರೆ ಮಿರಜ. ಸಿತಾರ್, ತಂಬೂರಿ ಮಾಡುವ ಕುಶಲಕರ್ಮಿಗಳ ಊರು ಅದು. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. 1937ರಲ್ಲಿ ತೀರಿಕೊಂಡ ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರ ನೆನಪಿನಲ್ಲಿ ಅಲ್ಲಿನ ದರ್ಗಾದಲ್ಲಿ ಉರುಸಿನ ವೇಳೆ ಸಂಗೀತ ಸಭೆ ನಡೆಯುತ್ತದೆ. ನಿಜವಾದ ತಂಬೂರಿಯ ನಾದ ಕೇಳಿ ಬನ್ನಿ. ಆಮೇಲೆ ಮನೆಯ ಸ್ಟೀರಿಯೊದಲ್ಲಿ ಖಯಾಲ್ ಹಚ್ಚಿ, ಗಾಯಕರ ದನಿಯ ಹಿಂದೆ ತಂಬೂರಿ ಬೇರೆಯಾಗಿ, ಬಿಡದೆ ಕೇಳುತ್ತದೆಯೇ ನೋಡಿ. ಕೇಳಿದರೆ ನಿಮ್ಮ ಸೆಟ್ಟು ಸಾಕಷ್ಟು ಚಲೋ ಇದೆ, ಇನ್ನೊಂದು ರೂಪಾಯಿಯೂ ಹಾಕಬೇಡಿ. ಕೇಳದಿದ್ದರೆ ಮೊದಲು ಬಾಕ್ಸಿನ ಜಾಗ ಬದಲಿಸಿ, ಆಮೇಲೆ ರಿಪೇರಿ, ಕೊನೆಗೆ ಸ್ಪೀಕರ್. ನನ್ನ ಮಿತಿಯಲ್ಲಿ ಉಳಿದ 7,500 ರೂಪಾಯಿ ಬ್ಯಾಂಕಿನಲ್ಲಿದೆ. ಹೊಸ ಸ್ಪೀಕರ್ ನಿಜಕ್ಕೂ ಬೇಕಾದ ದಿನ ಅದು ಯಾರ ಕಂತಿನ ಹಂಗೂ ಇಲ್ಲದೆ ಅಂಗಡಿಗೆ ಹೋಗುತ್ತದೆ.