ವೃತ್ತಿ, ನಿವೃತ್ತಿ, ಪಿಂಚಣಿ

ಪಿಂಚಣಿ ಎಂಬ ಶಬ್ದ ಕನ್ನಡದ್ದಲ್ಲ. ಇಂಗ್ಲಿಷಿನ ಪೆನ್ಷನ್ ಕನ್ನಡಿಗರ ನಾಲಗೆಯಲ್ಲಿ ಪಳಗಿ ಪಿಂಚಣಿಯಾಗಿದೆ. ಅದರ ಲ್ಯಾಟಿನ್ ಮೂಲಕ್ಕೆ ತೂಗಿ ಕೊಡುವುದು ಎಂಬ ಅರ್ಥವುಂಟು. ಶಬ್ದ ಪರದೇಶದ್ದಾದರೂ ಅದರ ಹಿಂದಿನ ಭಾವನೆ ಈ ನಾಡಿಗೆ ಹೊಸತಲ್ಲ. ಸೇವೆ ಸಲ್ಲಿಸಿದವನಿಗೆ, ಸೇವೆಯಲ್ಲಿ ಮಡಿದವನ ಮನೆಯವರಿಗೆ ಜೀವನಾಧಾರ ಕಲ್ಪಿಸುವ ಪದ್ಧತಿ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಕಾಳಗದಲ್ಲಿ ಬಿದ್ದ ವೀರನ ಕುಟುಂಬಕ್ಕೆ ಬಿಟ್ಟ ಭೂಮಿ ನೆತ್ತರುಗೊಡಗೆ. ವಿದ್ವಾಂಸರಿಗೆ ಬಿಟ್ಟುದು ಭಟ್ಟವೃತ್ತಿ. ಉಂಬಳಿ ಎಂಬ ಮಾತಿನಲ್ಲಂತೂ ಉಣ್ಣುವ ಅರ್ಥದ ಧಾತುವೇ ಅಡಗಿದೆ. ಇಂದು ವೃತ್ತಿಯೆಂದರೆ ಉದ್ಯೋಗ, ನಿವೃತ್ತಿಯೆಂದರೆ ಅದರಿಂದ ಬಿಡುಗಡೆ. ಹಿಂದಾದರೋ ವೃತ್ತಿಯೆಂದರೆ ಬದುಕಿಗೆ ಆಧಾರವಾದ ಭೂಮಿ. ಅದರಿಂದ ನಿವೃತ್ತನಾಗುವ ಪ್ರಸಂಗವೇ ಬರುತ್ತಿರಲಿಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದಿಟ್ಟ ಒಂದು ವೀರಗಲ್ಲಿದೆ. ಗಂಗರ ಎಱೆಯಪ್ಪನ ಕಾಲದ್ದು. ಸುಮಾರು ಸಾವಿರದ ನೂರು ವರ್ಷ ಹಳೆಯದು. ನಾಗತ್ತರನೆಂಬ ವೀರನು ಯುದ್ಧದಲ್ಲಿ ಮಡಿಯಲು, ಅರಸನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದು ಹೇಳುತ್ತದೆ. ಬೆಂಪೂರೆಂದರೆ ಈಗಿನ ಬೇಗೂರು. ಆ ಹಳ್ಳಿಗಳ ಪಟ್ಟಿಯಲ್ಲಿ ತೊವಗೂರು ಎಂಬ ಹೆಸರೂ ಉಂಟು. ಅದು ಇಂದಿನ ತೋಗೂರೆಂದು ವಿದ್ವಾಂಸರು ಗುರುತಿಸುತ್ತಾರೆ. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಆರಿಸಿಕೊಂಡ 332 ಎಕರೆ ನೆಲ ದೊಡ್ಡತೋಗೂರು ಮತ್ತು ಕೋನಪ್ಪನ ಅಗ್ರಹಾರ ಗ್ರಾಮಗಳಿಗೆ ಸೇರಿದುದು. ಒಂದು ಊರು ಕಲ್ನಾಡಿಗೆ ಸೇರಿದ್ದು, ಇನ್ನೊಂದರ ಹೆಸರಿನಲ್ಲೇ ದತ್ತಿಯ ನೆನಪು. ಜೀವನಾಧಾರಕ್ಕೆಂದು ಬಿಟ್ಟ ಇಂಥ ನೆಲದ ಸುತ್ತ ಇಂದು ಪಿಂಚಣಿದಾರನೊಬ್ಬ ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿಯಲು ಹಿಂದುಮುಂದು ನೋಡಬೇಕಾಗಿದೆ.

ಬೆಂಗಳೂರು ಹಿಂದೆಯೂ ಉದ್ಯೋಗಿಗಳ ಊರೇ. 1940ರ ಎಚ್.ಎ.ಎಲ್., 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಕಾರ್ಖಾನೆಗಳು ಕೆಲಸದೊಡನೆ ವಸತಿ, ಶಾಲೆ, ಆಸ್ಪತ್ರೆಗಳನ್ನೂ ಒದಗಿಸಿದವು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿಟ್ಟಿತು. ಈ ಹೊಸ ಉದ್ಯಮ ಸಂಬಳವನ್ನು ಕೊಟ್ಟಿತು. ವಸತಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆ ಇಲ್ಲಿ ಬಹುಕಾಲದಿಂದ ಬೇರೂರಿದೆ. ದೊಡ್ಡ ಸಂಬಳದ ತರುಣನಿಗೆ ಒದಗುವ ಬೆಲೆಯೇ ಅದೇ ಬೀದಿಯ ಶಾಲಾ ಅಧ್ಯಾಪಕನಿಗೂ, ಕಾವಲುಗಾರನಿಗೂ ಅನ್ವಯಿಸುತ್ತದೆ.

ಈ ಹಿನ್ನೆಲೆಯಲ್ಲಿ ಪಿಂಚಣಿಯ ವಾದವನ್ನು ಪರಿಶೀಲಿಸುವುದು ಉಚಿತ. ಪಿಂಚಣಿ ಅರಸನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಕಲ್ನಾಡಿಗೂ ಪಿಂಚಣಿಗೂ ಇರುವ ದೊಡ್ಡ ಭೇದ ಇದೇ. ಹಳೆಯ ಪದ್ಧತಿಯಲ್ಲಿ ಪೂರ್ಣಸೇವೆ ಸಲ್ಲಿಸಿದವನಿಗೆ ಕೊನೆಯ ಮೂಲವೇತನದ ಅರ್ಧಭಾಗ, ಅದರ ಮೇಲೆ ತುಟ್ಟಿಭತ್ಯೆ. ಕೇಂದ್ರ ಸರ್ಕಾರ 2004ರ ಜನವರಿ 1ರಿಂದಲೂ ಕರ್ನಾಟಕ ಸರ್ಕಾರ 2006ರ ಏಪ್ರಿಲ್ 1ರಿಂದಲೂ ಹೊಸದಾಗಿ ಸೇರುವವರಿಗೆ ಇದನ್ನು ನಿಲ್ಲಿಸಿ, ವಂತಿಗೆಯ ಪದ್ಧತಿಯನ್ನು ತಂದವು. ಇದರಲ್ಲಿ ನೌಕರನ ವೇತನದಿಂದ ಶೇಕಡ 10 ಕಡಿತವಾಗುತ್ತದೆ. ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ. ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ. ನಿವೃತ್ತಿಯ ದಿನ ಸರ್ಕಾರಿ ನೌಕರನು ಆ ಗಂಟಿನಲ್ಲಿ ಕನಿಷ್ಠ ಶೇಕಡ 40ನ್ನು ವರ್ಷಾಶನಕ್ಕೆ ತೊಡಗಿಸಬೇಕು. ವರ್ಷಾಶನ ಎಷ್ಟಾದೀತೆಂದು ಸೇರುವಾಗ ಯಾರೂ ಹೇಳಲಾರರು. ತುಟ್ಟಿಯಾದಂತೆ ಅದು ಏರುವುದೂ ಇಲ್ಲ.

ವಿರೋಧಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಪಿಂಚಣಿಗೆ ಕೂಡಿಟ್ಟ ನಿಧಿಯಿಲ್ಲ. ಅಂದಂದಿನ ತೆರಿಗೆಯಿಂದ ಅಂದಂದಿನ ನಿವೃತ್ತರಿಗೆ ಕೊಡಬೇಕು. ರಾಜಸ್ಥಾನ, ಛತ್ತೀಸ್‌ಗಢ, ಪಂಜಾಬ್ ಮೊದಲಾದ ರಾಜ್ಯಗಳು 2022ರಲ್ಲಿ ಹಳೆಯದಕ್ಕೆ ಮರಳುವುದಾಗಿ ಸಾರಿದಾಗ, ಮುಂದಿನ ಪೀಳಿಗೆಯ ಮೇಲೆ ಹೊರೆ ಬೀಳುವುದೆಂದು ರಿಸರ್ವ್ ಬ್ಯಾಂಕ್ 2023ರ ಜನವರಿಯಲ್ಲಿ ಎಚ್ಚರಿಸಿತು. ಕೇಂದ್ರವು 2025ರ ಏಪ್ರಿಲ್ 1ರಿಂದ ಏಕೀಕೃತ ಯೋಜನೆಯೊಂದನ್ನು ತಂದು, 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನು ಖಚಿತಪಡಿಸಿತು, ವಂತಿಗೆಯನ್ನೂ ಉಳಿಸಿಕೊಂಡಿತು. ಕರ್ನಾಟಕದಲ್ಲಿ 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಪ್ರಕಟಣೆ ಹೊರಟು, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರನ್ನು 2024ರ ಜನವರಿಯಲ್ಲಿ ಹಳೆಯ ಪದ್ಧತಿಗೆ ಸೇರಿಸಲಾಯಿತು.

ಆದರೆ ಎರಡು ಪಕ್ಷದವರೂ ಕಡೆಗಣಿಸುವ ಸಂಗತಿಯೊಂದಿದೆ. ಉದಾಹರಣೆಗೆ 80,000 ರೂಪಾಯಿ ಮೂಲವೇತನದ ಇಬ್ಬರು ಸರ್ಕಾರಿ ಅಧ್ಯಾಪಕರನ್ನು ಭಾವಿಸಬಹುದು: ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಹಳ್ಳಿಯಲ್ಲಿ. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಏಳನೆಯ ವೇತನ ಆಯೋಗದ ದರದಂತೆ ಮೊದಲನೆಯವರಿಗೆ ಮನೆಬಾಡಿಗೆ ಭತ್ಯೆ ಶೇಕಡ 20, ಅಂದರೆ 16,000. ಎರಡನೆಯವರಿಗೆ ಶೇಕಡ 7.5, ಅಂದರೆ 6,000. ನಗರದ ಬಾಡಿಗೆ ದುಬಾರಿಯೆಂಬುದನ್ನು ಸರ್ಕಾರವೇ ಒಪ್ಪಿದಂತಾಯಿತು. ನಿವೃತ್ತಿಯ ಮರುದಿನ ಆ ಒಪ್ಪಿಗೆ ಇಲ್ಲವಾಗುತ್ತದೆ. ಹಳೆಯ ಪದ್ಧತಿಯವರಾದರೆ ಇಬ್ಬರಿಗೂ 40,000. ತುಟ್ಟಿಭತ್ಯೆಯ ಲೆಕ್ಕವೂ ಅಖಿಲ ಭಾರತ ಸೂಚ್ಯಂಕದ್ದು. 2016ನ್ನು ಆಧಾರವರ್ಷವಾಗಿಟ್ಟು 88 ಕೇಂದ್ರಗಳ ಬೆಲೆಯನ್ನು ಬೆರೆಸಿ ತೆಗೆದುದು. ಬೆಂಗಳೂರಿನ ಬಾಡಿಗೆ ಏರಿದರೆ ಆ ಏರಿಕೆ ಈ ಸರಾಸರಿಯಲ್ಲಿ ಕರಗಿಹೋಗುತ್ತದೆ. ನಿವೃತ್ತರು ಊರಿಗೆ ಮರಳಬಾರದೇಕೆ ಎಂಬ ಪ್ರಶ್ನೆ ಸುಲಭ. ಮಗಳ ಕೆಲಸ, ಹೃದ್ರೋಗದ ವೈದ್ಯರು, ಮೊಮ್ಮಕ್ಕಳ ಶಾಲೆ ಎಲ್ಲವೂ ನಗರದಲ್ಲಿರುವಾಗ ಮರಳುವುದು ಸುಲಭವಲ್ಲ.

ಖಾಸಗಿ ದುಡಿಮೆಗಾರರ ಗತಿ ಇನ್ನೂ ಶೋಚನೀಯ. ನೌಕರರ ಭವಿಷ್ಯನಿಧಿಯ 1995ರ ಯೋಜನೆಯಲ್ಲಿ ಪಿಂಚಣಿಗೆ ಎಣಿಸುವ ವೇತನಕ್ಕೆ 2014ರಲ್ಲಿ 15,000 ರೂಪಾಯಿಯ ಮಿತಿ ಇಡಲಾಯಿತು. ಆ ಮಿತಿಗೆ ಒಳಪಟ್ಟವನು 35 ವರ್ಷ ದುಡಿದರೆ ಸೂತ್ರದಂತೆ ಬರುವುದು ತಿಂಗಳಿಗೆ 7,500. ಅದೇ ವರ್ಷ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000. ಗಾಜಿನ ಕಟ್ಟಡಗಳನ್ನು ಗುಡಿಸುವವರೂ ಕಾಯುವವರೂ ವೃದ್ಧಾಪ್ಯದಲ್ಲಿ ನೆಚ್ಚಬೇಕಾದುದು ಬಹುಮಟ್ಟಿಗೆ ಇದನ್ನೇ. ಪಿಂಚಣಿಯ ಚರ್ಚೆ ಸರ್ಕಾರಿ ನೌಕರರ ಸುತ್ತಲೇ ತಿರುಗುತ್ತಿರುವುದು ಅದರ ದೋಷ.

ಕಾಯಕಕ್ಕೆ ನಿವೃತ್ತಿಯಿಲ್ಲವಾದ್ದರಿಂದ ಶರಣಮಾರ್ಗದವರಿಗೆ ಪಿಂಚಣಿಯ ಹಂಬಲವೇಕೆ ಎಂದು ಕೇಳುವವರುಂಟು. ಇದು ತತ್ತ್ವವನ್ನು ತಲೆಕೆಳಗು ಮಾಡುವ ಮಾತು. ಕಾಯಕತತ್ತ್ವ ದುಡಿಯುವವನಿಗೆ ಸೋಮಾರಿತನ ಬೇಡವೆಂದಿತೇ ಹೊರತು ದುಡಿಸಿಕೊಂಡವನಿಗೆ ಋಣಮುಕ್ತಿ ಕೊಡಲಿಲ್ಲ. ದಾಸೋಹ ನಡೆಸುವ ಮಠಗಳ ಶಾಲೆಗಳಿಗೆ ಈ ಪ್ರಶ್ನೆ ಬಹಳ ಹತ್ತಿರದ್ದು. 2006ರ ಏಪ್ರಿಲ್ ನಂತರ ಅನುದಾನಿತ ಸಂಸ್ಥೆಗಳಿಗೆ ಸೇರಿದ ಅಧ್ಯಾಪಕರು ಪಿಂಚಣಿಗಾಗಿ 2022ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದೀರ್ಘಕಾಲ ಧರಣಿ ಕುಳಿತರು. ಅವರ ಹೆಸರಿನ ವಂತಿಗೆಯಲ್ಲಿ ಸಂಸ್ಥೆಯ ಪಾಲನ್ನು ಸರ್ಕಾರ ತುಂಬಬೇಕೆ, ಆಡಳಿತ ಮಂಡಳಿ ತುಂಬಬೇಕೆ ಎಂಬ ವ್ಯಾಜ್ಯದಲ್ಲಿ ವರ್ಷಗಳೇ ಉರುಳಿದವು. ನಲವತ್ತರ ಅಂಚಿನಲ್ಲಿ ಸೇರಿದವರು ಈಗಾಗಲೇ ನಿವೃತ್ತರಾಗುತ್ತಿದ್ದಾರೆ. ಸರ್ಕಾರದ ತೀರ್ಮಾನ ಏನೇ ಆಗಲಿ, ಕಟ್ಟಡಕ್ಕೂ ಸಭಾಭವನಕ್ಕೂ ದತ್ತಿ ಕೊಡುವ ದಾನಿಗಳು ಅಧ್ಯಾಪಕರ ವೃತ್ತಿಗೆಂದು ಒಂದು ನಿಧಿಯನ್ನು ಬೇರೆಯಾಗಿ ಇಡುವುದಕ್ಕೆ ಯಾವ ಕಾನೂನೂ ಅಡ್ಡಿಯಾಗದು. ಹಾಗೆ ಇಟ್ಟರೆ ಭಟ್ಟವೃತ್ತಿ ಎಂಬ ಹಳೆಯ ಶಬ್ದಕ್ಕೆ ಮತ್ತೆ ಬಳಕೆ ಬಂದೀತು.