ಕಚ್ಚುವ ಬೆಕ್ಕಿಗೆ ಮೊದಲ ಖರ್ಚು ಯಾವುದು?

ಕಳೆದ ವರ್ಷ ನಮ್ಮ ಬೆಕ್ಕಿನ ಚಿಕಿತ್ಸೆಗೆ ₹37,000 ಕೊಟ್ಟೆ. ಒಂದೇ ಆಸ್ಪತ್ರೆಗೆ, ಒಂದೇ ವಾರದೊಳಗೆ. ನೆಂಟರಿಗೆ ಸುದ್ದಿ ತಲುಪಿದ ಮೇಲೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಬೆಕ್ಕು ಸಾಕಿದವರಿಗೆಲ್ಲ ಅವು ಬಾಯಿಪಾಠವಾಗಿರುತ್ತವೆ. ಆದರೆ ಉಳಿತಾಯದ ಬಗ್ಗೆ ಬರೆಯುವವರೇ ಹೀಗೆ ಖರ್ಚು ಮಾಡಿದರೆ ಹೇಗೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಾಳೆ ಮತ್ತೆ ಅದೇ ಪರಿಸ್ಥಿತಿ ಬಂದರೂ ನಾನು ಅದನ್ನೇ ಮಾಡುತ್ತೇನೆ. ಯಾಕೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ.

ಕೆಂಚನಿಗೆ 11 ವರ್ಷ. ಆಪರೇಷನ್ ಆದ ಗಂಡು, ಮನೆಯೊಳಗೇ ಬೆಳೆದವನು. ಮೊದಲೇ ಕಿಡ್ನಿ ತೊಂದರೆ ಇತ್ತು. ಕ್ರಿಯಾಟಿನಿನ್ ಮೇಲೇರಿತ್ತು, ಪಥ್ಯದ ಆಹಾರ ನಡೆಯುತ್ತಿತ್ತು. ಸಂಜೆ ಅತ್ತೆಯ ಮಡಿಲಲ್ಲಿ ಮಲಗಿ ಗದ್ದ ಕೆರೆಸಿಕೊಳ್ಳುವುದು ಅವನ ದಿನಚರಿ. ಅಂಥವನು ಒಂದು ಸಂಜೆ ಗದ್ದಕ್ಕೆ ಕೈ ತಾಗಿದ ಕೂಡಲೇ ಅತ್ತೆಯ ಮಣಿಕಟ್ಟಿಗೆ ಹಲ್ಲು ಊರಿಬಿಟ್ಟ. ಅತ್ತೆಗೆ ಸಕ್ಕರೆ ಕಾಯಿಲೆ. ಹೊರಗೆ ಕಂಡದ್ದು ಎರಡು ಸಣ್ಣ ತೂತು ಮಾತ್ರ, ಬೆಳಗಾಗುವಷ್ಟರಲ್ಲಿ ಕೈ ಬಳೆ ತೆಗೆಯಲಾಗದಷ್ಟು ಊದಿತ್ತು. ಬೆಕ್ಕಿನ ಹಲ್ಲು ಸಪೂರ, ಆಳಕ್ಕೆ ಇಳಿಯುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಒಳಗೇ ಉಳಿದು ಗಾಯ ಮೇಲೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕೈಗೆ ಕಚ್ಚಿದ ಬೆಕ್ಕಿನ ಗಾಯವನ್ನು ಯಾರೂ ಸಣ್ಣದೆಂದು ಬಿಡಬಾರದು.

ಆಮೇಲೆ ಮನೆಯಲ್ಲಿ ಕಾರಣಗಳ ಪಟ್ಟಿ ಶುರುವಾಯಿತು. ಮೈದುನನ ಮಗು ಮನೆಗೆ ಬಂದದ್ದಕ್ಕೆ ಹೊಟ್ಟೆಕಿಚ್ಚು ಅಂದರು. ವಯಸ್ಸಾಯಿತು, ಸಿಡುಕು ಅಂದರು. ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತೂ ಬಂತು. ಅತ್ತೆ ಮಾತ್ರ, "ನೋಡಮ್ಮ, ಅವನಿಗೆ ಎಲ್ಲೋ ನೋಯ್ತಿದೆ. ಊಟದ ಬಟ್ಟಲಿಗೇ ಬೈತಾನೆ" ಅಂದರು. ನಿಜ. ಹಸಿವಿನಿಂದ ಓಡಿ ಬರುತ್ತಿದ್ದ, ಒಂದು ಕಾಳು ಬಾಯಿಗೆ ಹಾಕಿ ತಲೆಯನ್ನು ಓರೆ ಮಾಡುತ್ತಿದ್ದ, ಕಾಳು ಕೆಳಗೆ ಬೀಳುತ್ತಿತ್ತು, ಆಮೇಲೆ ಬಟ್ಟಲಿನ ಮುಂದೆ ನಿಂತು ಬುಸ್ ಅನ್ನುತ್ತಿದ್ದ.

ಇಲ್ಲಿ ನಮ್ಮ ಮುಂದಿದ್ದ ದಾರಿಗಳು ನಾಲ್ಕು. ನೋವಿನ ಇಂಜೆಕ್ಷನ್ ಹಾಕಿಸಿ ಕಾದು ನೋಡುವುದು ಅಗ್ಗ, ಆದರೆ ಕಾರಣ ಹಾಗೇ ಉಳಿಯುತ್ತದೆ. ಕಿಡ್ನಿ ಸರಿಯಿಲ್ಲದ ಬೆಕ್ಕಿಗೆ ನೋವಿನ ಔಷಧಿಯನ್ನು ಮನಬಂದಂತೆ ಕೊಡುವಂತೆಯೂ ಇಲ್ಲ. ಪ್ಲಗ್ಗಿಗೆ ಸಿಕ್ಕಿಸುವ 'ಶಾಂತಿ'ಯ ಡಿಫ್ಯೂಸರ್ ಮತ್ತು ನಡವಳಿಕೆ ತಜ್ಞರ ವಿಡಿಯೊ ಕರೆ ಎರಡೂ ನೋವಿಲ್ಲ ಎಂದು ಖಚಿತವಾದ ಮೇಲಿನ ಮಾತು. ಬೇರೆಯವರಿಗೆ ಕೊಡುವುದು ಎಂದರೆ ಕಚ್ಚುವ, ಕಾಯಿಲೆಯ, ಮುದಿ ಬೆಕ್ಕನ್ನು ಇನ್ನೊಬ್ಬರ ಕೈಗೆ ದಾಟಿಸುವುದು. ಅದನ್ನು ನಾನು ಖರ್ಚು ಉಳಿಸಿದ್ದು ಎಂದು ಬರೆದುಕೊಳ್ಳಲಾರೆ. ಉಳಿದದ್ದು ಎಲ್ಲ ಪರೀಕ್ಷೆಯನ್ನೂ ಒಂದೇ ಸಲಕ್ಕೆ ಮಾಡಿಸುವುದು.

ಹೆಚ್ಚಿನವರು ಹಿಂಜರಿಯುವುದು ಇಲ್ಲಿಯೇ. ಇವತ್ತು ರಕ್ತ, ಏನೂ ಸಿಗದಿದ್ದರೆ ಮುಂದಿನ ವಾರ ಸ್ಕ್ಯಾನ್, ಆಮೇಲೆ ನೋಡೋಣ ಎನ್ನುತ್ತಾರೆ. ಮನುಷ್ಯರಿಗೆ ಇದು ಸರಿಹೋಗಬಹುದು. ಕಚ್ಚುವ ಬೆಕ್ಕಿನ ವಿಷಯದಲ್ಲಿ ಪ್ರತಿ ಭೇಟಿಗೂ ಮತ್ತೆ ಫೀಸು, ಮತ್ತೆ ಮಂಪರಿನ ಔಷಧಿ, ಮತ್ತೆ ಆಟೊ. ಹಿಡಿಯುವವರ ಕೈಗೆ ಮತ್ತೊಂದು ಗಾಯವಾದರೆ ಅದೂ ಖರ್ಚೇ. ಹೊರಡುವ ಎರಡು ಗಂಟೆ ಮೊದಲು ಕೊಡಲು ವೈದ್ಯರು ಒಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಮೇಲಿನ ಮುಚ್ಚಳ ಪೂರ್ತಿ ಬಿಚ್ಚುವ ಬುಟ್ಟಿ ತಂದೆವು. ಒಳಗಿನಿಂದ ಎಳೆಯದೆ, ಟವಲ್ ಹೊದಿಸಿದಂತೆಯೇ ಅವನನ್ನು ಎತ್ತಿ ಮೇಜಿನ ಮೇಲಿಟ್ಟರು. ಅವತ್ತು ಯಾರಿಗೂ ಗಾಯವಾಗಲಿಲ್ಲ.

ಪರೀಕ್ಷೆಗಳಿಗೆ ಆದದ್ದು: ಫೀಸು ₹600, ಥೈರಾಯ್ಡ್ ಸೇರಿ ರಕ್ತ ಪರೀಕ್ಷೆ ₹4,800, ಮೂತ್ರ ₹900, ಬಿ.ಪಿ. ₹500, ಸ್ಕ್ಯಾನ್ ₹2,200. ಒಟ್ಟು ₹9,000. ವಯಸ್ಸಾದ ಬೆಕ್ಕಿನ ಹಠಾತ್ ಸಿಟ್ಟಿನ ಹಿಂದೆ ಇರಬಹುದಾದ ಥೈರಾಯ್ಡ್ ಏರಿಕೆ, ಮೂತ್ರಕೋಶದ ಉರಿ, ರಕ್ತದೊತ್ತಡ, ಕೀಲುನೋವು, ಹಲ್ಲು ಇವಿಷ್ಟನ್ನೂ ಒಂದೇ ಬೆಳಗ್ಗೆ ನೋಡಿ ಮುಗಿಸಿದರು. ಥೈರಾಯ್ಡ್ ಸರಿಯಿತ್ತು. ಬಿ.ಪಿ. ಹೆಚ್ಚಿತ್ತು. ಕಿಡ್ನಿ ಕಾಯಿಲೆಯ ಬೆಕ್ಕುಗಳಲ್ಲಿ ಇದು ಸಾಮಾನ್ಯ, ಬಿಟ್ಟರೆ ಕಣ್ಣೇ ಹೋಗಬಹುದು. ಕೆಳದವಡೆಯ ಎರಡು ಹಲ್ಲುಗಳ ಬುಡದಲ್ಲಿ ವಸಡು ಕೆಂಪಗೆ ಹಲ್ಲಿನ ಮೇಲೆ ಹತ್ತಿ ಕೂತಿತ್ತು. "ಮೇಡಂ, ಮೇಲೆ ಕಾಣೋದು ಇಷ್ಟೇ. ಬೇರು ನೋಡಬೇಕಾದರೆ ಎಕ್ಸ್‌ರೇ ಬೇಕು, ಅದಕ್ಕೆ ಅರಿವಳಿಕೆ ಬೇಕು" ಅಂದರು ವೈದ್ಯರು.

ಕಿಡ್ನಿ ಸರಿಯಿಲ್ಲದ ಬೆಕ್ಕಿಗೆ ಅರಿವಳಿಕೆ ಎಂದಾಗ ನನಗೂ ಕೈ ನಡುಗಿತು. ಅದಕ್ಕೇ ಮೊದಲು ಬಿ.ಪಿ. ಹತೋಟಿಗೆ ತಂದು, ಹಿಂದಿನ ದಿನದಿಂದಲೇ ಡ್ರಿಪ್ ಕೊಟ್ಟು, ಒಂದು ರಾತ್ರಿ ಅಲ್ಲಿಯೇ ಇರಿಸಿಕೊಂಡರು. ಎಕ್ಸ್‌ರೇಯಲ್ಲಿ ಕಂಡದ್ದು ಬೇರು ತಾನಾಗಿ ಕರಗಿಹೋಗುವ ಕಾಯಿಲೆ. ಬೆಕ್ಕುಗಳಲ್ಲಿ ಬಹಳ ಸಾಮಾನ್ಯ, ಬಹಳ ನೋವಿನದ್ದು, ಕಿತ್ತು ತೆಗೆಯುವುದೇ ಪರಿಹಾರ. ಅರಿವಳಿಕೆ, ಎಕ್ಸ್‌ರೇ, ಎರಡು ಹಲ್ಲು ಕಿತ್ತದ್ದು ₹21,500. ಡ್ರಿಪ್ ಮತ್ತು ರಾತ್ರಿಯ ವಾಸ ₹4,600. ಔಷಧಿ ₹1,900. ಮೊದಲಿನ ₹9,000 ಸೇರಿದರೆ ₹37,000.

ಗಾಯ ಮಾಗಿದ ಮೇಲೆ ಕೆಂಚ ಕಚ್ಚಿಲ್ಲ. ಅತ್ತೆ ಇನ್ನೂ ಗದ್ದಕ್ಕೆ ಕೈ ಹಾಕುವುದಿಲ್ಲ, ಬೆನ್ನು ಸವರುತ್ತಾರೆ. ಹಾಗೇ ಇರಲಿ ಎಂದಿದ್ದೇನೆ.

ಈಗ ಅಸಲು ಲೆಕ್ಕಕ್ಕೆ ಬರೋಣ. ನೆಂಟರು ಬೆಚ್ಚಿದ್ದು ₹37,000 ಕಂಡು. ಯಾರ ಕಣ್ಣಿಗೂ ಬೀಳದ ಖರ್ಚು ಇನ್ನೊಂದಿದೆ. ಕಿಡ್ನಿ ಪಥ್ಯದ ಆಹಾರ ತಿಂಗಳಿಗೆ ₹2,600. ಬಿ.ಪಿ. ಮತ್ತು ಹೊಟ್ಟೆ ತೊಳಸುವುದಕ್ಕೆ ಮಾತ್ರೆ ₹300. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ, ಬಿ.ಪಿ. ನೋಡಿಸಲು ₹3,300, ಅಂದರೆ ತಿಂಗಳಿಗೆ ₹1,100. ಒಟ್ಟು ₹4,000. ಇದರಲ್ಲಿ ಒಂದು ಭಾಗವನ್ನು ಕಳೆಯಬೇಕು, ಯಾಕೆಂದರೆ ಕಾಯಿಲೆಯಿಲ್ಲದಿದ್ದರೂ ಕೆಂಚ ಊಟ ಮಾಡಲೇಬೇಕು. ಮಾಮೂಲಿ ಆಹಾರಕ್ಕೆ ₹900 ಆಗುತ್ತಿತ್ತು. ಉಳಿದ ₹3,100 ಕಾಯಿಲೆಯ ಖರ್ಚು. 12ರಿಂದ ಗುಣಿಸಿ: ₹37,200.

ಆ ದೊಡ್ಡ ಬಿಲ್ಲಿನಷ್ಟೇ ಮೊತ್ತ ಪ್ರತಿ ವರ್ಷ, ಸದ್ದಿಲ್ಲದೆ, ಕಿರಾಣಿ ಖರ್ಚಿನ ನಡುವೆ ಸೇರಿ ಹೋಗುತ್ತಿದೆ. ಅವನು ಇನ್ನು ನಾಲ್ಕು ವರ್ಷ ಇರುತ್ತಾನೆ, ಬೆಲೆಗಳು ವರ್ಷಕ್ಕೆ ಶೇ 8 ಏರುತ್ತವೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ ₹37,200, ಎರಡನೆಯದು ₹40,176, ಮೂರನೆಯದು ₹43,390, ನಾಲ್ಕನೆಯದು ₹46,861. ಕೂಡಿಸಿದರೆ ₹1,67,627. ಇದು ಯಾವ ಆಪರೇಷನ್ನೂ ಇಲ್ಲದ ಲೆಕ್ಕ. ಹಾಗಾಗಿ ವೈದ್ಯರನ್ನು "ಡಾಕ್ಟ್ರೇ, ಎಷ್ಟಾಗುತ್ತೆ?" ಎಂದಷ್ಟೇ ಕೇಳಿ ಬರಬೇಡಿ. "ಇದಾದ ಮೇಲೆ ತಿಂಗಳಿಗೆ ಎಷ್ಟಾಗುತ್ತೆ?" ಎಂದೂ ಕೇಳಿ. ಹಲ್ಲು ಕಿತ್ತರೆ ಆ ಖರ್ಚು ಅಲ್ಲಿಗೆ ಮುಗಿಯಿತು. ಬಿಟ್ಟಿದ್ದರೆ ಅವನು ತಿನ್ನುವುದನ್ನು ನಿಲ್ಲಿಸುತ್ತಿದ್ದ. ಬೆಕ್ಕು ಕೆಲವೇ ದಿನ ಪೂರ್ತಿ ಉಪವಾಸ ಬಿದ್ದರೂ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ. ಆಗ ನಳಿಕೆಯಲ್ಲಿ ಊಟ ಕೊಡುತ್ತಾ ಆಸ್ಪತ್ರೆಯಲ್ಲಿಟ್ಟುಕೊಳ್ಳುವ ಖರ್ಚು ಬರುತ್ತದೆ.

ಇದಕ್ಕೆ ದುಡ್ಡು ಎಲ್ಲಿಂದ ತರುವುದು? ಮರಿ ಮನೆಗೆ ಬಂದ ತಿಂಗಳೇ ಒಂದು ಆರ್‌ಡಿ ತೆರೆಯಿರಿ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ 2023ರ ಅಕ್ಟೋಬರಿನಲ್ಲಿ ಬಂದ ದರ ಶೇ 6.7. ತಿಂಗಳಿಗೆ ₹1,000 ಕಟ್ಟಿದರೆ ಐದು ವರ್ಷಕ್ಕೆ ₹71,366 ಆಗುತ್ತದೆ. ಅದೇ ಖಾತೆಯನ್ನು ಇನ್ನೈದು ವರ್ಷ ಮುಂದುವರಿಸಿದರೆ, ಅದೇ ದರದಲ್ಲಿ, ₹1.70 ಲಕ್ಷದ ಮೇಲೆ. ಮೇಲಿನ ನಾಲ್ಕು ವರ್ಷದ ಮೊತ್ತದ ಪಕ್ಕಕ್ಕೆ ಇದನ್ನು ಇಟ್ಟು ನೋಡಿ. ನಾನು ಆ ವಾರವೇ ತೀರ್ಮಾನ ಮಾಡಲು ಸಾಧ್ಯವಾದದ್ದು ಕೆಂಚನ ಹೆಸರಿನಲ್ಲಿ ತೆಗೆದಿಟ್ಟಿದ್ದ ಹಣ ಸ್ವೀಪ್-ಇನ್ ಎಫ್‌ಡಿಯಲ್ಲಿ ಇದ್ದದ್ದರಿಂದ. ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿ ಆಮೇಲೆ ಕನಿಷ್ಠ ಮೊತ್ತ ಕಟ್ಟುತ್ತಾ ಹೋಗುವವರ ಬಗ್ಗೆ ಈ ಅಂಕಣದಲ್ಲಿ ಸಾಕಷ್ಟು ಬರೆದಿದ್ದೇನೆ.

ವಿಮೆ ಯಾಕಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೆಳತಿಯೊಬ್ಬಳು ತನ್ನ ಮೂರು ವರ್ಷದ ಬೆಕ್ಕಿಗೆಂದು ತರಿಸಿದ ಪಾಲಿಸಿ ಪತ್ರವನ್ನು ಕೂತು ಓದಿದೆ. ಪ್ರೀಮಿಯಂ ವರ್ಷಕ್ಕೆ ₹5,200, ವಿಮಾ ಮೊತ್ತ ₹50,000, ಕೋ-ಪೇ ಶೇ 20. ಹಲ್ಲಿನ ಚಿಕಿತ್ಸೆ, ಅಪಘಾತದಲ್ಲಿ ಮುರಿದರೆ ಹೊರತು, ಇಲ್ಲ. ಮೊದಲಿನಿಂದ ಇರುವ ಕಾಯಿಲೆ ಇಲ್ಲ. ಪಥ್ಯದ ಆಹಾರ ಇಲ್ಲ. ಒಪಿಡಿ ಪರೀಕ್ಷೆ ಇಲ್ಲ. ಕೆಂಚನ ವಯಸ್ಸಿಗೆ ಪ್ರವೇಶವೇ ಇಲ್ಲ. ನನ್ನ ₹37,000ರಲ್ಲಿ ಯಾವ ಸಾಲನ್ನೂ, ವರ್ಷದ ₹37,200ರಲ್ಲಿ ಯಾವ ರೂಪಾಯಿಯನ್ನೂ ಅದು ಕೊಡುತ್ತಿರಲಿಲ್ಲ. ಮುದಿ ಬೆಕ್ಕಿಗೆ ಬರುವ ಕಾಯಿಲೆಗಳೆಂದರೆ ಕಿಡ್ನಿ, ಹಲ್ಲು, ಥೈರಾಯ್ಡ್. ಅವನ್ನೆಲ್ಲ ಹೊರಗಿಟ್ಟು, ಬೆಕ್ಕು ಎಳೆಯದಾಗಿ ಗಟ್ಟಿಯಾಗಿರುವ ವರ್ಷಗಳಲ್ಲಿ ಮಾತ್ರ ಪ್ರೀಮಿಯಂ ಕಟ್ಟಿಸಿಕೊಳ್ಳುವ ಪಾಲಿಸಿಯನ್ನು ನಾನು ಯಾರಿಗೂ ಹೇಳುವುದಿಲ್ಲ. "ಏನೋ ಒಂದು ಇರಲಿ" ಎಂದು ಕೊಳ್ಳುವುದನ್ನು ಬಿಡಿ, ಮೊದಲು ಹೊರಗಿಟ್ಟವುಗಳ ಪಟ್ಟಿ ಓದಿ. ಮತ್ತೆ, ಆರೋಗ್ಯ ವಿಮೆಗಿರುವ ಆದಾಯ ತೆರಿಗೆ ವಿನಾಯಿತಿ ಇದಕ್ಕೂ ಸಿಗುತ್ತದೆ ಎಂದು ಯಾವ ಏಜೆಂಟ್ ಹೇಳಿದರೂ ನಂಬಬೇಡಿ. ಅದು ಮನುಷ್ಯರ ಕುಟುಂಬಕ್ಕೆ ಮಾತ್ರ.

ದುಡ್ಡು ಉಳಿಯುವುದು ಬೇರೆ ಕಡೆ. ತಿಂಗಳಿಗೊಮ್ಮೆ ಬೆಕ್ಕನ್ನು ತೂಗಿ ಬರೆದಿಡಿ. ನೀವು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದರೆ ಸಾಕು. ನಾಲ್ಕು ಕಿಲೊ ಬೆಕ್ಕು ಕಾಲು ಕಿಲೊ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಬರೆದಿಟ್ಟ ಪುಸ್ತಕಕ್ಕೆ ಕಾಣುತ್ತದೆ. ಯಾವಾಗ, ಎಲ್ಲಿ ಮುಟ್ಟಿದಾಗ ಕಚ್ಚಿತು ಎಂದು ಬರೆಯಿರಿ, ಸಾಧ್ಯವಾದರೆ ಫೋನಿನಲ್ಲಿ ವಿಡಿಯೊ ಮಾಡಿ. ನಾನು ತೋರಿಸಿದ ಬಟ್ಟಲಿನ ಮುಂದಿನ ವಿಡಿಯೊ ನೋಡಿಯೇ ವೈದ್ಯರು ನೇರವಾಗಿ ಬಾಯಿಗೆ ಹೋದದ್ದು. ಎಸ್ಟಿಮೇಟ್ ಕಾಗದದ ಮೇಲೆ ಕೇಳಿ. ಪಶುವೈದ್ಯ ಸೇವೆಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ವಿಚಾರಿಸಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಜಿಲ್ಲೆಗಳಲ್ಲಿ ಸರ್ಕಾರಿ ಪಶು ಪಾಲಿಕ್ಲಿನಿಕ್‌ಗಳಿವೆ. ಯಾವ ಪರೀಕ್ಷೆ ಅಲ್ಲಾಗುತ್ತದೆ ಎಂದು ಮೊದಲೇ ತಿಳಿದುಕೊಂಡಿದ್ದರೆ ಅವಸರದಲ್ಲಿ ಖಾಸಗಿ ದರಕ್ಕೆ ತಲೆಬಾಗಬೇಕಿಲ್ಲ.

ಕಾರಣ ಸಿಗುವವರೆಗೆ ಬೆಕ್ಕಿಗೆ ಒಂದು ಕೋಣೆ ಬಿಟ್ಟುಕೊಡಿ. ಮಣ್ಣಿನ ಟ್ರೇ, ನೀರು, ಅಡಗಲು ಒಂದು ರಟ್ಟಿನ ಡಬ್ಬ ಅಲ್ಲಿರಲಿ. ಮಕ್ಕಳು, ವಯಸ್ಸಾದವರು ಆ ಕಡೆ ಹೋಗುವುದು ಬೇಡ. ಹೊಡೆಯಬೇಡಿ, ಕತ್ತು ಹಿಡಿದು ಎತ್ತಬೇಡಿ. ನೋವಿದೆ ಎಂದು ಪ್ಯಾರಸಿಟಮಾಲ್ ಪುಡಿ ಮಾಡಿ ಕೊಡುವವರು ಇನ್ನೂ ಇದ್ದಾರೆ. ನಮ್ಮ ನಿಮ್ಮ 500 ಮಿ.ಗ್ರಾಂ ಮಾತ್ರೆ ಒಂದೇ ಸಾಕು, ಬೆಕ್ಕು ಸಾಯುತ್ತದೆ.

ಇನ್ನು ಕಚ್ಚಿಸಿಕೊಂಡವರ ಖರ್ಚು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯೊಳಗಿನ ಬೆಕ್ಕು, ಲಸಿಕೆ ಆಗಿದೆ ಎಂದು ನೀವೇ ತೀರ್ಮಾನಿಸಬೇಡಿ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ. ಕೊನೆಯ ಡೋಸ್ ತಪ್ಪಿಸುವವರೇ ಹೆಚ್ಚು, ತಪ್ಪಿಸಬೇಡಿ. ಆ ಚೀಟಿಯನ್ನು ಪಾಸ್‌ಬುಕ್ಕಿನ ಜೊತೆ ಇಡಿ. ಪೂರ್ತಿ ಲಸಿಕೆ ಆದದ್ದಕ್ಕೆ ದಾಖಲೆ ಇದ್ದರೆ ಮುಂದೆ ಮತ್ತೆ ಯಾವ ಬೆಕ್ಕು ನಾಯಿ ಕಚ್ಚಿದರೂ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ದುಬಾರಿ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಅತ್ತೆಯ ಚೀಟಿ ಕೆಂಚನ ಫೈಲಿನಲ್ಲೇ ಇದೆ, ಒಂದು ಫೋಟೊ ಮನೆಯವರೆಲ್ಲರ ಫೋನಿನಲ್ಲಿದೆ.